ಮೂರು ಸಲ ತಿರುಗಿ ನಿಂತ ಹರಿಗೋಲು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಮಕ್ಕಳ ಮದುವೆ ಮುಗಿಯಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ, ಬರೆಯಲು ಸುಲಭವಾಗುತ್ತದೆ ಎಂದುಕೊಂಡೆ. ಆಪರೇಷನ್ ಆಗಿ ನಾಲ್ಕು ವರ್ಷವಾಯಿತು, ಅಕ್ಷರಗಳು ಚೆನ್ನಾಗಿಯೇ ಕಾಣುತ್ತಿವೆ. ಇನ್ನು ಸಬೂಬು ಉಳಿದಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನನ್ನ ಕಸುಬು ದೀಪದ ಬೋರ್ಡು ಮಾಡುವುದು. ಮದುವೆ ಛತ್ರದ ಮುಂದೆ, ಗಣೇಶನ ಪೆಂಡಾಲಿನ ಮುಂದೆ ನಿಲ್ಲಿಸುತ್ತಾರಲ್ಲ, ಬಣ್ಣದ ಸಣ್ಣ ಬಲ್ಬುಗಳು ಒಂದರ ಹಿಂದೊಂದು ಹತ್ತಿ ಆರಿ ನವಿಲು ಗರಿ ಬಿಚ್ಚಿದಂತೆ, ಕಾರಂಜಿ ಚಿಮ್ಮಿದಂತೆ ಕಾಣುತ್ತದಲ್ಲ, ಅದು. ನೋಡುವವರಿಗೆ ಮಾಯೆಯಂತೆ ಕಾಣುತ್ತದೆ. ಬೋರ್ಡಿನ ಹಿಂದೆ ಇರುವುದು ಒಂದು ಮರದ ಉರುಳೆ. ಅದರ ಮೇಲೆ ತಾಮ್ರದ ಪಟ್ಟಿಗಳನ್ನು ಹೊಡೆದಿರುತ್ತೇವೆ. ಸಣ್ಣ ಮೋಟಾರು ಉರುಳೆಯನ್ನು ತಿರುಗಿಸುತ್ತದೆ. ಪಟ್ಟಿ ಯಾವ ತಂತಿಗೆ ತಗಲುತ್ತದೋ ಆ ಸಾಲಿನ ಬಲ್ಬು ಹತ್ತುತ್ತದೆ. ಅಷ್ಟೇ.

ಈ ಕಸುಬಿನಲ್ಲಿ ನನಗೊಂದು ಪಾಠವಾಗಿತ್ತು. ಕೆ.ಆರ್.ಪೇಟೆಯ ಒಂದು ಮದುವೆಗೆ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಓಡಿಸಿಬಿಟ್ಟಿದ್ದೆ. ನವಿಲೂ ಓಡಿತು, ಕಾರಂಜಿಯೂ ಓಡಿತು, ಗಂಡು ಹೆಣ್ಣಿನ ಹೆಸರಿನ ಅಕ್ಷರಗಳೂ ಓಡಿದವು. ಪಕ್ಕದಲ್ಲೇ ಇನ್ನೊಂದು ಛತ್ರ, ಅಲ್ಲೂ ಮದುವೆ. ಚಿನಕುರಳಿಯಿಂದ ಒಂದು ಬಸ್ಸು ತುಂಬ ಬಂದ ನಮ್ಮ ಗಂಡಿನ ಕಡೆಯವರು ಬೋರ್ಡಿನ ಮುಂದೆ ಕತ್ತೆತ್ತಿಕೊಂಡು ನಿಂತರು. ಹೆಸರು ಓದಲಾಗಲಿಲ್ಲ. ಪಕ್ಕದ ಛತ್ರಕ್ಕೆ ನುಗ್ಗಿ, ಯಾರದೋ ಮದುವೆಯ ಊಟ ಉಂಡು, ಮುಯ್ಯಿಯನ್ನೂ ಅಲ್ಲೇ ಕೊಟ್ಟು ಬಂದರು. ಹೆಣ್ಣಿನ ತಂದೆ ನನ್ನ ಅಂಗಿ ಹಿಡಿದುಕೊಂಡು, "ದೀಪ ಆಕ್ಲಾ ಅಂದ್ರೆ ಕೋತಿ ಕುಣ್ಸಿದ್ದೀಯಲ್ಲ! ನಮ್ ಬೀಗ್ರು ಕಂಡೋರ ಮನೆ ಪಾಯ್ಸ ಕುಡ್ಕೊಂಡು ಓದ್ರು ಕಣ್ಲಾ" ಎಂದು ಬೈದರು.

ಅಂದಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಓದಬೇಕಾದದ್ದು ನಿಂತಿರಬೇಕು. ಓಡುವುದು ಒಂದೇ ಇರಬೇಕು. ಅದೂ ಮೂರು ಸಲ ಓಡಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಅದು ನಿಂತಾಗಲೇ ಜನ ಕಣ್ಣು ಸರಿಸಿ ಅಕ್ಷರ ನೋಡುವುದು. ನಾಲ್ಕು ತಾಲ್ಲೂಕಿನಲ್ಲಿ ನನ್ನ ಬೋರ್ಡಿಗೆ ಹೆಸರಿದ್ದದ್ದು ಈ ಒಂದು ಗುಟ್ಟಿನಿಂದ.

ಆಗ ನಾವು ಪಾಂಡವಪುರದಲ್ಲಿ ಒಂದೇ ಮನೆಯಲ್ಲಿದ್ದೆವು. ನಾನು, ನನ್ನ ಹೆಂಡತಿ, ಎರಡು ಮಕ್ಕಳು, ನನ್ನ ತಮ್ಮ, ಅವನ ಹೆಂಡತಿ. ತಮ್ಮ ಶ್ರೀರಂಗಪಟ್ಟಣದಲ್ಲಿ ಹೊಳೆಯ ಹತ್ತಿರದ ಒಂದು ಲಾಡ್ಜಿನಲ್ಲಿ ಮ್ಯಾನೇಜರು. ಆ ಲಾಡ್ಜು ನಾಲ್ಕು ಜನರ ಪಾಲಿನದು. ಶ್ರೀರಂಗಪಟ್ಟಣದ ದೊಡ್ಡ ಯಜಮಾನರು ಒಬ್ಬರು, ಉಳಿದ ಮೂವರು ಅವರ ತಂಗಿಯರ ಗಂಡಂದಿರು: ಪಾಂಡವಪುರದವರೊಬ್ಬರು, ಕೆ.ಆರ್.ಪೇಟೆಯವರೊಬ್ಬರು, ನಾಗಮಂಗಲದವರೊಬ್ಬರು. ನಾಲ್ವರಲ್ಲಿ ಯಾರಿಗೂ ಒಂದು ಗುಲಗಂಜಿ ಹೆಚ್ಚಾಗಬಾರದು, ಒಂದು ಗುಲಗಂಜಿ ಕಡಿಮೆಯಾಗಬಾರದು. ಲಾಡ್ಜಿನ ನಾಲ್ಕು ಗೋಡೆಗೆ ನಾಲ್ವರ ಮನೆದೇವರ ಪಟ ಒಂದೇ ಅಳತೆಯಲ್ಲಿ ನೇತುಹಾಕಿದ್ದರು.

ನನ್ನ ತಮ್ಮನ ಹೆಂಡತಿ ಮದುವೆಗೆ ಮುಂಚೆ ಮೈಸೂರಿನಲ್ಲಿ ಕಂಪ್ಯೂಟರ್ ಕೋರ್ಸು ಮಾಡಿದ್ದಳು. ತೊಂಬತ್ತೆಂಟರ ಸುಮಾರಿಗೆ ಲಾಡ್ಜಿಗೆ ಒಂದು ಹಳೆಯ ಕಂಪ್ಯೂಟರು ಬಂತು. ಅದರಲ್ಲಿ ಬಿಲ್ಲು ಮಾಡಲು ಯಾರಿಗೂ ಬಾರದೆ ಅದು ಬಟ್ಟೆ ಹೊದ್ದುಕೊಂಡು ಕೂತಿತ್ತು. ತಮ್ಮ ತನ್ನ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಶುರುಮಾಡಿದ. ಅಲ್ಲಿಗೆ ಬಂದಿದ್ದ ಒಬ್ಬ ಪರವೂರಿನ ಗಿರಾಕಿ, ನಿಮ್ಮದು ವೆಬ್‌ಸೈಟ್ ಇಲ್ಲವೇ ಎಂದು ಕೇಳಿದನಂತೆ. ಯಜಮಾನರಿಗೆ ಅದೇನೆಂದು ಗೊತ್ತಿರಲಿಲ್ಲ, ಆದರೆ ತಮ್ಮಲ್ಲಿ ಇಲ್ಲದ್ದು ಬೇರೆಯವರಲ್ಲಿ ಇದೆ ಎಂದು ತಿಳಿದ ಮೇಲೆ ಸುಮ್ಮನಿರುವವರಲ್ಲ. ಅವಳು, ನಾನು ಮಾಡಿಕೊಡುತ್ತೇನೆ ಎಂದಳು.

ನಮ್ಮ ಮನೆಯ ರೂಢಿಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಏನಾದರೂ ಕೇಳಬೇಕಾದರೆ ನಡುವೆ ನನ್ನ ಹೆಂಡತಿ ಇರಬೇಕು. ಒಂದು ಮಧ್ಯಾಹ್ನ ನಾನು ಉಣ್ಣುತ್ತಿದ್ದಾಗ ಅಡುಗೆಮನೆಯ ಬಾಗಿಲ ಮರೆಯಿಂದ ಅವಳ ದನಿ ಬಂತು.

"ಅಕ್ಕ, ಭಾವನ್ನ ಕೇಳಿ. ನವಿಲು ಎಷ್ಟು ಸಲ ಓಡಿ ನಿಲ್ಲುತ್ತೆ?"

ನನ್ನ ಹೆಂಡತಿ ಮುದ್ದೆ ಇಕ್ಕುತ್ತಾ ನನ್ನ ಕಡೆ ತಿರುಗಿದಳು. "ಕೇಳುಸ್ತಾ? ಎಷ್ಟು ಸಲ ಅಂತೆ?"

"ಮೂರು ಸಲ ಅಂತ ಏಳು."

"ಯಾಕೆ ಮೂರು ಅಂತ ಕೇಳಿ ಅಕ್ಕ."

"ಒಂದ್ಸಲ ಓಡುದ್ರೆ ಗೊತ್ತಾಗಲ್ಲ. ಎರಡ್ನೇ ಸಲ ನೋಡ್ತಾರೆ. ಮೂರ್ನೇ ಸಲಕ್ಕೆ ಸಾಕು ಅನ್ಸಿ ಓದೋಕ್ ಬತ್ತಾರೆ. ಅಂಗಂತ ಏಳು."

"ಇಬ್ರಿಗೂ ಬಾಯೈತೆ, ಕಿವಿಯೈತೆ. ನಾನೇನು ನಿಮ್ಮಿಬ್ರಿಗೂ ಪೋಸ್ಟ್‌ಮ್ಯಾನಾ?" ಎಂದು ನನ್ನ ಹೆಂಡತಿ ಸೌಟನ್ನು ಪಾತ್ರೆಗೆ ಬಡಿದಳು. ಬಾಗಿಲ ಹಿಂದೆ ಅವಳು ನಕ್ಕದ್ದು ಕೇಳಿಸಿತು. ನಾನೂ ನಕ್ಕೆ. ನನ್ನ ಕಸುಬಿನ ಬಗ್ಗೆ ಮನೆಯಲ್ಲಿ ಯಾರೂ ಅಷ್ಟು ವಿವರವಾಗಿ ಕೇಳಿರಲಿಲ್ಲ. ಅಂದು ಒಂದು ಮುದ್ದೆ ಹೆಚ್ಚಿಗೆ ಉಂಡೆ.

ಆಮೇಲೆ ಇನ್ನೊಂದು ಕೆಲಸಕ್ಕೂ ನನ್ನನ್ನು ಕೇಳಿದಳು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಎಲ್ಲರ ಯಂತ್ರದಲ್ಲೂ ಕಾಣುವುದಿಲ್ಲವಂತೆ, ಆದ್ದರಿಂದ ಲಾಡ್ಜಿನ ಹೆಸರನ್ನು ಚಿತ್ರದಂತೆ ಬರೆದುಕೊಡಬೇಕಂತೆ. ನಾನು ಬಿಳಿಯ ಡ್ರಾಯಿಂಗ್ ಹಾಳೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದುಕೊಟ್ಟೆ. ಅದನ್ನು ಮೈಸೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿಕೊಂಡು ಬಂದಳು.

ಪುಟ ಸಿದ್ಧವಾದ ದಿನ ನಾನೂ ಶ್ರೀರಂಗಪಟ್ಟಣಕ್ಕೆ ಹೋದೆ. ಕಂಪ್ಯೂಟರಿದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ದೇವರ ಮನೆಯಂತೆ ಎಲ್ಲರೂ ಕೈಕಟ್ಟಿ ನಿಂತೆವು. ಪರದೆಯ ಮೇಲೆ ಬಿಳಿಯ ಪುಟ. ಮೇಲೆ ನನ್ನ ನೀಲಿ ಅಕ್ಷರ. ಕೆಳಗೆ ಲಾಡ್ಜಿನ ಮೆಟ್ಟಿಲ ಒಂದು ಫೋಟೋ, ಕೋಣೆಗಳ ವಿವರ, ಬಸ್‌ಸ್ಟ್ಯಾಂಡಿನಿಂದ ಬರುವ ದಾರಿ, ಫೋನ್ ನಂಬರು. ಬಲಗಡೆ ಮೂಲೆಯಲ್ಲಿ ಹೊಳೆಯ ನೀರಿನ ಎರಡು ಗೆರೆ, ಅದರ ಮೇಲೊಂದು ಪುಟ್ಟ ಹರಿಗೋಲು. ಅದು ಮೆಲ್ಲಗೆ ತಿರುಗಿತು. ಒಂದು ಸಲ, ಎರಡು ಸಲ, ಮೂರು ಸಲ. ನಿಂತಿತು. ನಿಂತ ಕೂಡಲೇ ನನ್ನ ಕಣ್ಣು ತಾನಾಗಿ ಫೋನ್ ನಂಬರಿಗೆ ಹೋಯಿತು.

ಸರಿಯಾಗಿತ್ತು. ಅಷ್ಟು ಸರಿಯಾಗಿ ನಾನೇ ಯಾವ ಬೋರ್ಡನ್ನೂ ಮಾಡಿರಲಿಲ್ಲ. ನನಗೆ ಅದು ತಿಳಿಯಿತು. ಅದೇ ಗಳಿಗೆಯಲ್ಲಿ, ನಾನು ಮೂವತ್ತು ವರ್ಷ ತಾಮ್ರದ ಪಟ್ಟಿ ಹೊಡೆದು ಬೆರಳು ಸುಟ್ಟುಕೊಂಡು ಕಲಿತದ್ದನ್ನು ಬಾಗಿಲ ಮರೆಯಲ್ಲಿ ನಿಂತು ಒಂದು ಊಟದ ಹೊತ್ತಿನಲ್ಲಿ ಎತ್ತಿಕೊಂಡು ಹೋಗಿದ್ದಾಳೆ ಅನ್ನಿಸಿತು. ಕೊಟ್ಟವನು ನಾನೇ ಎಂಬುದನ್ನು ಮರೆತೆ.

"ಎಂಟೇ ಚಿತ್ರ ಯಜಮಾನ್ರೇ, ಅವನ್ನೇ ತಿರುಗಿಸೋದು," ಎಂದು ಅವಳು ಹೇಳುತ್ತಿದ್ದಳು. "ಇಡೀ ಪುಟ ಒಂದು ಫ್ಲಾಪಿಯ ಮೂಲೇಲಿ ಕೂರುತ್ತೆ. ಫೋನಿನ ತಂತೀಲಿ ಬೇಗ ಹೋಗುತ್ತೆ. ಓಡೋದು ಒಂದೇ ಇರಬೇಕು ಅಂತ ಹೇಳಿಕೊಟ್ಟಿದ್ದು ನಮ್ಮ ಭಾವ."

ಎಲ್ಲರೂ ನನ್ನ ಕಡೆ ತಿರುಗಿದರು. ಪುಟದ ಕಟ್ಟಕಡೆಯಲ್ಲಿ ಸಣ್ಣದಾಗಿ ನನ್ನ ಹೆಸರನ್ನೂ ಹಾಕಿದ್ದಳು, ಅಕ್ಷರ ಬರೆದವರು ಎಂದು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ನನಗೆ ಮಾತ್ರ ತನ್ನ ಕಾಲಿನ ಹತ್ತಿರ ಜಾಗ ಕೊಟ್ಟಿದ್ದಾಳೆ ಅನ್ನಿಸಿತು. ಹೊಟ್ಟೆಕಿಚ್ಚಿರುವವನಿಗೆ ಬೈದರೂ ಉರಿ, ಹೊಗಳಿದರೂ ಉರಿ.

ಒಂದು ತಿಂಗಳೊಳಗೆ ಹೊರಗಿನವರ ಇ-ಮೇಲ್ ಬಂತು. ಗಂಡ ಹೆಂಡತಿ ಇಬ್ಬರು, ಹಕ್ಕಿ ನೋಡಲು ಬರುತ್ತೇವೆ, ಕೋಣೆ ಇದೆಯೇ ಎಂದು ಕೇಳಿದ್ದರು. ಅವಳು ಅದನ್ನು ಪ್ರಿಂಟ್ ತೆಗೆದಳು. ಯಜಮಾನರು ಆ ಹಾಳೆಯನ್ನು ಲಗ್ನಪತ್ರಿಕೆಯಂತೆ ಜೇಬಿನಲ್ಲಿಟ್ಟುಕೊಂಡು ಪೇಟೆಬೀದಿಯವರಿಗೆಲ್ಲ ತೋರಿಸಿದರು. ಆಮೇಲೆ ಇನ್ನೆರಡು ಬಂದವು. ಆಗಲೇ ಅವರು ಅವಳಿಗೆ ಆ ಮಾತು ಕೊಟ್ಟದ್ದು.

"ಯುಗಾದಿವರ್ಗೂ ಇಂಗೇ ಕಾಗ್ದ ಬರ್ತಾ ಇದ್ರೆ ಮುಂದ್ಲು ರೂಮು ನಿಂಗೇ ಕಣವ್ವ. ನಿನ್ನ ಕಂಪ್ಯೂಟ್ರು ಕ್ಲಾಸು ಮಾಡ್ಕೊ."

ಲಾಡ್ಜಿನ ಮುಂದೆ ರಸ್ತೆಗೆ ಮುಖ ಮಾಡಿ ಒಂದು ಕೋಣೆಯಿತ್ತು. ಮುರಿದ ಮಂಚ, ಸಿಮೆಂಟಿನ ಚೀಲ ತುಂಬಿದ್ದರು. ಮೈಸೂರು ಬಸ್ಸಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವ ಜಾಗ. ನನ್ನ ಬೋರ್ಡಿನ ಅಂಗಡಿಗೆ ಅದನ್ನು ಕೊಡಿ ಎಂದು ಮೂರು ವರ್ಷದಿಂದ ಯಜಮಾನರ ಹಿಂದೆ ಬಿದ್ದಿದ್ದೆ. ಆಷಾಢ ಕಳೆಯಲಿ ಎನ್ನುತ್ತಿದ್ದರು, ಆಷಾಢ ಕಳೆದರೆ ಧನುರ್ಮಾಸ ಎನ್ನುತ್ತಿದ್ದರು. ಅವಳಿಗೆ ಮೂರು ಹಾಳೆ ಕಾಗದಕ್ಕೆ ಒಪ್ಪಿಬಿಟ್ಟರು.

ಅವಳ ಸಂತೋಷವನ್ನು ಈಗಲೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ಯಾರ ಮುಂದೆಯೂ ಕುಣಿಯಲಿಲ್ಲ. ಮನೆಗೆ ಬಂದವಳು ಅಕ್ಕಿ ಆರಿಸುತ್ತಾ ನನ್ನ ಹೆಂಡತಿಗೆ ಹೇಳಿದಳು, "ಅಕ್ಕ, ಚಿನಕುರಳಿಯಿಂದಲೇ ಐದು ಹುಡುಗಿಯರು ಬರ್ತೀನಿ ಅಂದವ್ರೆ. ಮೈಸೂರಿಗೆ ಕಳ್ಸಲ್ಲ, ಶ್ರೀರಂಗಪಟ್ಣದವರ್ಗೂ ಆದ್ರೆ ಕಳಿಸ್ತೀವಿ ಅಂತಾರಂತೆ ಅವರಪ್ಪಂದಿರು." ಒಂದು ನೋಟ್‌ಬುಕ್ಕಿನಲ್ಲಿ ಆ ಹುಡುಗಿಯರ ಹೆಸರು ಬರೆದಿಟ್ಟಿದ್ದಳು. ದಿನಕ್ಕೊಂದೆರಡು ಹೆಸರು ಸೇರುತ್ತಿತ್ತು. ಭಾನುವಾರ ತಮ್ಮನೂ ಅವಳೂ ಹೋಗಿ ಕೋಣೆಯ ಚೀಲಗಳನ್ನು ಹೊರಹಾಕಿ, ಗುಡಿಸಿ, ಗೋಡೆಗೆ ಸುಣ್ಣ ಹೊಡೆದು ಬಂದರು. ಅವಳ ಮೊಣಕೈಯ ಮೇಲೆ ಸುಣ್ಣದ ಕಲೆ ಇತ್ತು. ಆ ಕಲೆ ನೋಡಿ ನನಗೆ ಊಟ ಸೇರಲಿಲ್ಲ. ಸಾರಿಗೆ ಉಪ್ಪಿಲ್ಲ ಎಂದು ಹೆಂಡತಿಯ ಮೇಲೆ ರೇಗಿದೆ. ಉಪ್ಪಿತ್ತು.

ನಾನು ಮಾಡಿದ್ದು ಇಷ್ಟೇ, ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆ ಕಾಲದಲ್ಲಿ ಬೋರ್ಡಿನ ಕೆಲಸಕ್ಕೆ ನಾಲ್ಕೂ ತಾಲ್ಲೂಕು ಸುತ್ತುತ್ತಿದ್ದೆ. ಹೋದಲ್ಲೆಲ್ಲ ಲಾಡ್ಜಿನ ಪಾಲುದಾರರನ್ನು ಮಾತಾಡಿಸಿಕೊಂಡು ಬಂದೆ.

ಕೆ.ಆರ್.ಪೇಟೆಯವರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಗೊಬ್ಬರದ ಅಂಗಡಿ. ಮೂಟೆಯ ಮೇಲೆ ಕೂರಿಸಿ ಟೀ ತರಿಸಿದರು.

"ಏನ್ಲಾ, ನಮ್ ಲಾಡ್ಜು ಕಂಪ್ಯೂಟ್ರೊಳಗೆ ಬಂದ್ಬುಡ್ತಂತಲ್ಲ. ಎಂಗೈತೆ?"

"ಬೋ ಸಂದಾಗೈತೆ ಅಣ್ಣ. ಅರಿಗೋಲು ಅಂಗೇ ತಿರುಗ್ತದೆ."

"ಅರಿಗೋಲಾ? ನಮ್ಮೂರ್ದು ಏನ್ ತಿರುಗ್ತದೆ?"

ನಾನು ಟೀಯನ್ನು ಒಂದು ಗುಟುಕು ಕುಡಿದೆ. "ನಿಮ್ಮೂರ್ದು ಏನೂ ಇಲ್ಲ ಕಣಣ್ಣ. ಅರಿಗೋಲು ಶ್ರೀರಂಗಪಟ್ಣದ್ದಲ್ವಾ? ಅದೊಂದೇ ಮಡಗವ್ಳೆ. ಓಗ್ಲಿ ಬುಡಿ, ಇಂಥದ್ದೆಲ್ಲ ಮನ್ಸಿಗೆ ಆಕ್ಕೋಬಾರ್ದು."

ಅವರ ಮುಖ ಕೆಂಪಾಯಿತು. "ಪಾಲು ಸಮ, ಓಡೋದು ಮಾತ್ರ ಅವನ್ದಾ? ನಮ್ ಏಮಗಿರೀಲಿ ಒಳೆ ನೀರು ಧುಮುಕ್ತದೆ, ಅದನ್ನ ಬುಟ್ಟು ಅರಿಗೋಲಂತೆ!"

ನಾಗಮಂಗಲದವರಿಗೂ ಇದನ್ನೇ ಹೇಳಿದೆ. ಅವರದು ಹಿತ್ತಾಳೆ ಸಾಮಾನಿನ ಅಂಗಡಿ. ನಮ್ಮೂರಿನ ದೀಪ ಉರಿಯಲೇಬೇಕು ಎಂದರು. ಪಾಂಡವಪುರದವರಿಗೆ ಹೇಳಲು ದೂರ ಹೋಗಬೇಕಾಗಿರಲಿಲ್ಲ, ಎದುರು ಬೀದಿ. ಅವರು ಕಬ್ಬಿನ ಗಾಡಿ ಹೋಗಬೇಕು, ಎತ್ತಿನ ಕೊರಳ ಗಂಟೆ ಅಲ್ಲಾಡಬೇಕು ಎಂದರು. ಈ ಸುದ್ದಿ ಶ್ರೀರಂಗಪಟ್ಟಣ ಮುಟ್ಟಿದಾಗ ದೊಡ್ಡ ಯಜಮಾನರು, "ಅವರ್ದೆಲ್ಲ ಅಷ್ಟ್ ಅಷ್ಟ್ ದೊಡ್ಡದು, ನಂದು ಬರೀ ಅರಿಗೋಲಾ? ನಂಗೆ ಆನೆ ಬರ್ಲಿ, ಅಂಬಾರಿ ಸಮೇತ. ಓಲಗಾನೂ ಕೇಳುಸ್ಲಿ" ಎಂದರು.

ಯಾರಿಗೂ ನಾನು ಸುಳ್ಳು ಹೇಳಲಿಲ್ಲ. ಅವರವರ ಮನಸ್ಸಿನಲ್ಲಿ ಇದ್ದದ್ದನ್ನು ಸ್ವಲ್ಪ ಕೆರೆದೆ. ಈ ನಾಲ್ವರನ್ನು ಬಲ್ಲವನಿಗೆ ಇನ್ನೇನೂ ಬೇಕಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಲಾಡ್ಜಿನಲ್ಲಿ ಸೇರಿದರು. ನನ್ನನ್ನೂ ಕರೆದಿದ್ದರು. ಅವಳು ಪರದೆಯ ಪಕ್ಕ ನಿಂತಿದ್ದಳು, ತಮ್ಮ ಬಾಗಿಲ ಹತ್ತಿರ. ಅವಳು ಸಮಾಧಾನವಾಗಿಯೇ ವಿವರಿಸಿದಳು. ಪುಟ ಇಲ್ಲಿ ಈ ಯಂತ್ರದೊಳಗೇ ಇರುವುದರಿಂದ ಏನು ತುಂಬಿದರೂ ಕೂಡಲೇ ತೆರೆಯುತ್ತದೆ. ನೋಡುವವರು ಎಲ್ಲೋ ದೂರದಲ್ಲಿ ಇರುತ್ತಾರೆ. ಅವರಿಗೆ ಇದೆಲ್ಲ ಫೋನಿನ ತಂತಿಯಲ್ಲಿ ಹನಿಹನಿಯಾಗಿ ಹೋಗಬೇಕು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಎಲ್ಲವೂ ಒಟ್ಟಿಗೆ ಕುಣಿದರೆ ಫೋನ್ ನಂಬರು ಯಾರ ಕಣ್ಣಿಗೂ ಬೀಳುವುದಿಲ್ಲ.

"ಬೇಕಾದ್ರೆ ನಾಲ್ಕು ಊರಿಗೂ ಬೇರೆ ಬೇರೆ ಪುಟ ಮಾಡ್ತೀನಿ ಯಜಮಾನ್ರೇ. ಒಂದೊಂದು ಪುಟದಲ್ಲಿ ಒಂದೊಂದು ಓಡ್ಲಿ. ಬೇಕಾದವರು ಅದನ್ನ ಒತ್ತಿ ನೋಡ್ಕೋತಾರೆ."

"ಮೊದುಲ್ನೇ ಪುಟದಲ್ಲಿ ಯಾರ್ದು ಓಡ್ತದೆ?" ಎಂದರು ನಾಗಮಂಗಲದವರು.

"ಮೊದಲನೇದರಲ್ಲಿ ಹರಿಗೋಲು..."

"ನೋಡ್ದ್ಯಾ! ಮತ್ತೆ ಅದೇ ಆಯ್ತಲ್ಲ!"

ಗದ್ದಲವಾಯಿತು. ದೊಡ್ಡ ಯಜಮಾನರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ ನನ್ನ ಕಡೆ ನೋಡಿದರು. "ಓಡ್ಸೋದು ನಿಲ್ಸೋದು ನಿನ್ ಕಸ್ಬು ಕಣಯ್ಯ. ನೀನೇಳು. ಎಲ್ಲಾ ಓಡ್ಲಾ, ಒಂದೇ ಓಡ್ಲಾ?"

 ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಭಯವಿರಲಿಲ್ಲ. ಇನ್ನು ಸರಿಹೋಯಿತು, ಭಾವ ಹೇಳುತ್ತಾರೆ ಎಂಬ ನೆಮ್ಮದಿ ಇತ್ತು.

"ಎಲ್ಲಾ ಓಡ್ಲಿ ಬುಡಿ ಅಣ್ಣ," ಎಂದೆ. "ಓಡುದ್ರೇ ಸೊಗಸು."

ಆಗ ಅವಳು ನಮ್ಮ ಮನೆಯ ರೂಢಿಯನ್ನು ಮೀರಿ ಮೊದಲ ಸಲ ನೇರವಾಗಿ ನನ್ನೊಡನೆ ಮಾತಾಡಿದಳು. "ಭಾವ, ನೀವೇ ಹೇಳಿದ್ರಲ್ಲ, ಓಡೋದು ಒಂದೇ ಇರಬೇಕು ಅಂತ?"

"ಅದು ಬಲ್ಬಿಗೆ ಕಣವ್ವ. ಕಂಪ್ಯೂಟ್ರಿಗೆ ಅಲ್ಲ."

ಗಂಡಸರೆಲ್ಲ ನಕ್ಕರು. ಅವಳು ಪರದೆಯ ಕಡೆ ತಿರುಗಿದಳು. ಇಷ್ಟು ವರ್ಷ ನನ್ನನ್ನು ತಿಂದಿರುವುದು ನಾನಾಡಿದ ಆ ಮಾತು. ತಿಳಿಯದೆ ಆಡಿದ್ದರೆ ಅದು ಅಜ್ಞಾನ. ಪಕ್ಕದ ಛತ್ರದ ಊಟ, ಹೆಣ್ಣಿನ ತಂದೆಯ ಬೈಗುಳ, ಎಲ್ಲವೂ ನೆನಪಿನಲ್ಲಿದ್ದೂ ಆಡಿದೆ.

ಅವಳು ಒಂದು ತಿಂಗಳು ಕೂತು ಎಲ್ಲವನ್ನೂ ಮಾಡಿದಳು. ಎಡಗಡೆ ಜಲಪಾತ ಧುಮುಕಿತು, ಬಲಗಡೆ ದೀಪ ಉರಿಯಿತು, ಕೆಳಗೆ ಕಬ್ಬಿನ ಗಾಡಿ ಆಚೆಯಿಂದ ಈಚೆಗೆ ಹೋಯಿತು, ಮೇಲೆ ಅಂಬಾರಿ ಹೊತ್ತ ಆನೆ ಸೊಂಡಿಲು ಬೀಸಿತು. ಹಿಂದೆ ಓಲಗ. ನನ್ನ ನೀಲಿ ಅಕ್ಷರಗಳೂ ಮಿಣುಕಲಿ ಎಂದು ಯಾರೋ ಹೇಳಿದ್ದರಿಂದ ಅವೂ ಮಿಣುಕಿದವು. ಹರಿಗೋಲಿಗೆ ಜಾಗ ಉಳಿಯಲಿಲ್ಲ. ಒಂದು ಫ್ಲಾಪಿಯ ಮೂಲೆಯಲ್ಲಿದ್ದ ಪುಟ ಎರಡು ಫ್ಲಾಪಿ ತುಂಬಿ ಮೂರನೆಯದಕ್ಕೆ ಚೆಲ್ಲಿತು. ಲಾಡ್ಜಿನ ಯಂತ್ರದಲ್ಲಿ ಎಲ್ಲವೂ ಝಗಝಗ ಓಡಿದ್ದನ್ನು ನೋಡಿ ನಾಲ್ವರೂ ಚಪ್ಪಾಳೆ ತಟ್ಟಿದರು.

ಆಮೇಲೆ ಇ-ಮೇಲ್ ಬರಲಿಲ್ಲ. ಒಂದು ವಾರ, ಎರಡು ವಾರ, ಒಂದು ತಿಂಗಳು. ಅವಳು ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಫೋನು ಜೋಡಿಸಿ, ಆ ಕಿರ್ರೆಂಬ ಸದ್ದು ಮುಗಿಯುವವರೆಗೆ ಕಾದು, ಇ-ಮೇಲ್ ಪೆಟ್ಟಿಗೆ ತೆರೆದು ನೋಡಿ, ಮುಚ್ಚುತ್ತಿದ್ದಳು ಎಂದು ತಮ್ಮ ಹೇಳುತ್ತಿದ್ದ. ಒಂದು ದಿನ ಬಸ್ಸು ಹತ್ತಿ ಮೈಸೂರಿಗೆ ಹೋಗಿ, ಅಲ್ಲಿನ ಒಂದು ಇಂಟರ್ನೆಟ್ ಅಂಗಡಿಯಲ್ಲಿ ಕೂತು ತನ್ನ ಪುಟವನ್ನು ತಾನೇ ತೆರೆದು ನೋಡಿ ಬಂದಳು. ಬಂದವಳು ಪಾಲುದಾರರಿಗೆ ಹೇಳಿದಳು, ಪೂರ್ತಿ ತೆರೆಯುವುದರೊಳಗೆ ತನ್ನ ಪಕ್ಕದಲ್ಲಿ ಕೂತಿದ್ದವನು ಎದ್ದು ಹೋಗಿ ಇನ್ನೊಬ್ಬ ಬಂದು ಕೂತ ಎಂದು. ಮೂರನ್ನು ತೆಗೆದು ಒಂದನ್ನು ಇಟ್ಟರೆ ಸರಿಹೋಗುತ್ತದೆ ಎಂದಳು.

ಯಾರದನ್ನು ತೆಗೆಯುವುದು? ಕೆ.ಆರ್.ಪೇಟೆಯವರು, ಮೊದಲು ನಾಗಮಂಗಲದವರದು ಹೋಗಲಿ ಎಂದರು. ನಾಗಮಂಗಲದವರು, ಉರಿಯುವ ದೀಪ ಆರಿಸಿದರೆ ಅಪಶಕುನ ಎಂದರು. ಪಾಂಡವಪುರದವರು, ಆನೆ ನಿಂತರೆ ಗಾಡಿಯೂ ನಿಲ್ಲುತ್ತದೆ ಎಂದರು. ದೊಡ್ಡ ಯಜಮಾನರು, "ಇಲ್ಲಿ ಸಂದಾಗೇ ಓಡ್ತಾ ಐತಲ್ಲವ್ವ. ಕಾಗ್ದ ಬರ್ದೇ ಇರೋದು ನಿನ್ ಕೆಲ್ಸದಲ್ಲೇ ಏನೋ ಐಬಿರ್ಬೇಕು" ಎಂದರು. ಬೇಡ ಎಂದದ್ದನ್ನೇ ಮಾಡಿಸಿ, ಕೆಟ್ಟಾಗ ಅವಳ ತಲೆಗೇ ಕಟ್ಟಿದರು. ನಾನು ಅಲ್ಲೇ ನಿಂತಿದ್ದೆ. 

ಇದಕ್ಕಿಂತ ಕೆಟ್ಟದ್ದೂ ಇದೆ. ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ನಾನು ಲಾಡ್ಜಿನ ಗೇಟಿನ ಹತ್ತಿರ ಏಣಿ ಹಾಕಿಕೊಂಡು ಸೀರಿಯಲ್ ಸೆಟ್ ಕಟ್ಟುತ್ತಿದ್ದೆ. ಕರಿಘಟ್ಟದ ಬೆಟ್ಟ ಹತ್ತಿ ಇಳಿದು ಬಂದಿದ್ದ ಬೆಂಗಳೂರಿನ ಒಬ್ಬ ಮೇಷ್ಟರು ಕೋಣೆ ಕೇಳಲು ಬಂದರು. ಏಣಿಯ ಕೆಳಗೆ ನಿಂತು ನಗುತ್ತಾ ಹೇಳಿದರು:

"ನಿಮ್ಮ ವೆಬ್‌ಸೈಟ್ ನೋಡೋಣ ಅಂತ ಎರಡು ಸಲ ಪ್ರಯತ್ನ ಮಾಡಿದೆ ಕಣ್ರೀ. ಎತ್ತು ಬಂತು, ಗಾಡಿ ಬರಲಿಲ್ಲ. ದೀಪದ ಕಂಬ ಬಂತು, ಉರಿ ಬರಲಿಲ್ಲ. ಫೋನ್ ನಂಬರು ಹುಡುಕೋ ಹೊತ್ತಿಗೆ ಲೈನೇ ಕಟ್ಟಾಯ್ತು. ಮೊದಲು ಒಂದು ಹರಿಗೋಲು ಇತ್ತಲ್ಲ, ಅದು ಚೆನ್ನಾಗಿತ್ತು. ಒಳಗೆ ಹೇಳಿ, ಸರಿಮಾಡ್ಲಿ."

"ಹೇಳ್ತೀನಿ ಸಾರ್," ಎಂದೆ.

ಆ ಒಂದು ಮಾತನ್ನು ಒಳಗೆ ಹೋಗಿ ಹೇಳಿದ್ದರೆ ಸಾಕಿತ್ತು. ಹೊರಗಿನವರ ಬಾಯಿಂದ ಬಂದ ಮಾತಿಗೆ ಯಜಮಾನರು ಬೆಲೆ ಕೊಡುತ್ತಿದ್ದರು. ಅವಳು ಹೇಳಿದ್ದೆಲ್ಲ ನಿಜ ಎಂದಾಗುತ್ತಿತ್ತು. ನಾನು ಏಣಿಯ ಮೇಲೆಯೇ ಕೂತು ಬಲ್ಬು ಸಿಕ್ಕಿಸಿದೆ. ಮೇಷ್ಟರು ಒಂದು ದಿನ ಉಳಿದು ಊರಿಗೆ ಹೋದರು.

ಯುಗಾದಿ ಕಳೆಯಿತು. ಕಾಗದ ಬರಲಿಲ್ಲ. ದೊಡ್ಡ ಯಜಮಾನರು ನನ್ನನ್ನು ಕರೆಸಿ, "ಆ ಕಂಪ್ಯೂಟ್ರು ಸಾವಾಸ ಸಾಕಾಯ್ತು ಕಣಯ್ಯ. ರೂಮು ನೀನೇ ತಗೋ" ಎಂದರು. ಮೂರು ವರ್ಷ ಆಸೆಪಟ್ಟ ಮಾತು ಕಿವಿಗೆ ಬಿದ್ದಾಗ ನನಗಾದದ್ದು ಸಂತೋಷವೇ. ಅದನ್ನೂ ಮುಚ್ಚಿಡಬಾರದು. ಮನೆಗೆ ಬರುವ ಬಸ್ಸಿನಲ್ಲಿ ನನ್ನಷ್ಟಕ್ಕೆ ನಕ್ಕೆ.

ಬೀಗದ ಕೈ ಅವಳ ಹತ್ತಿರ ಇತ್ತು. ನೇರವಾಗಿ ಕೊಡುವಂತಿಲ್ಲವಲ್ಲ. ನನ್ನ ಹೆಂಡತಿಯ ಕೈಗೆ ಕೊಟ್ಟಳು. "ಅಕ್ಕ, ಭಾವನಿಗೆ ಹೇಳಿ, ಕಿಟಕಿ ಬಾಗಿಲು ಸ್ವಲ್ಪ ಬಿಗಿ. ಎತ್ತಿ ಹಾಕ್ಬೇಕು." ಅಷ್ಟೇ ಹೇಳಿದಳು. ನಾನು ಹೋಗಿ ಬಾಗಿಲು ತೆಗೆದಾಗ ಕೋಣೆ ಬೆಳ್ಳಗಿತ್ತು. ಅವಳು ಹೊಡೆದ ಸುಣ್ಣದ ಗೋಡೆಗೆ ನನ್ನ ನವಿಲಿನ ಬೋರ್ಡು ಒರಗಿಸಿದೆ.

ಚಿನಕುರಳಿಯ ಹುಡುಗಿಯರು ಒಂದೆರಡು ಸಲ ಕೇಳಿಕೊಂಡು ಬಂದರು. ಯಾವಾಗ ಶುರು ಎಂದು ಕೇಳಿದವರಿಗೆ ನಾನೇ, ಇಲ್ಲಿ ಕ್ಲಾಸು ಇಲ್ಲ ಎಂದು ಹೇಳಿ ಕಳಿಸಿದೆ. ಅವಳು ಕೆ.ಆರ್.ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಬಂದು ಕೈಕಾಲು ತೊಳೆದು ಅಡುಗೆಗೆ ನಿಲ್ಲುತ್ತಿದ್ದಳು. ಆ ಲಾಡ್ಜಿನ ಪುಟವನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಯಾರದನ್ನೂ ತೆಗೆಯುವಂತಿರಲಿಲ್ಲವಲ್ಲ. ಆನೆ, ಗಾಡಿ, ದೀಪ, ನೀರು ಎಲ್ಲವೂ ನೋಡುವವರಿಲ್ಲದೆ ಎಷ್ಟು ಕಾಲ ಓಡಿದವೋ ಗೊತ್ತಿಲ್ಲ.

ಅಂಗಡಿ ಕೆಲವು ವರ್ಷ ನಡೆಯಿತು. ಹೊಸ ಬಗೆಯ ದೀಪಗಳು ಬಂದ ಮೇಲೆ ಉರುಳೆ ಕೇಳುವವರು ಇಲ್ಲವಾದರು, ಬಾಗಿಲು ಹಾಕಿದೆ. ಮನೆಯಲ್ಲಿ ಕೂತ ಮೇಲೆ ಇದು ಒಳಗೊಳಗೆ ಕೊರೆಯಲು ಶುರುವಾಯಿತು. ದೊಡ್ಡ ಯಜಮಾನರು ಹಾಸಿಗೆ ಹಿಡಿದಾಗ ನೋಡಲು ಹೋಗಿ ಎಲ್ಲ ಹೇಳಿದೆ. ಅವರು, "ಅಯ್ಯೋ, ನಾವೂ ಕುಣುದ್ವಲ್ಲಪ್ಪ" ಎಂದರು. ತಮ್ಮನಿಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಅವನು ಎದ್ದು ಹೋದ. ಎರಡು ತಿಂಗಳು ಮಾತಾಡಲಿಲ್ಲ, ಆಮೇಲೆ ತಾನಾಗಿ ಮಾತಾಡಿಸಿದ. ಅವನು ಹೆಂಡತಿಗೆ ಹೇಳಿದನೋ ಇಲ್ಲವೋ ನಾನು ಕೇಳಿಲ್ಲ. ನನ್ನ ಹೆಂಡತಿಗೆ ಹೇಳಲು ಹೋದಾಗ ಅವಳು ಹೂ ಕಟ್ಟುವುದನ್ನು ನಿಲ್ಲಿಸಲೂ ಇಲ್ಲ. "ಅವತ್ತು ಸಾರಲ್ಲಿ ಉಪ್ಪಿತ್ತು," ಎಂದಳು. "ಅವತ್ತೇ ನಂಗೆ ಗೊತ್ತಾಯ್ತು."

ಆಮೇಲೆ ಅವಳೇ ಮುಂದುವರಿಸಿದಳು, "ಅವಳ್ಗೆ ಏಳಿ, ನಂಗಲ್ಲ. ಈ ಸಲ ನಾನು ನಡುವೆ ಬರಲ್ಲ."

ಒಮ್ಮೆ ಹೇಳಲೇಬೇಕೆಂದು ಹೋದೆ. ಹಗಲು ಹನ್ನೊಂದರ ಹೊತ್ತು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಹಿತ್ತಲ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಅರ್ಧ ನರೆತಿತ್ತು. ನನ್ನನ್ನು ಕಂಡ ಕೂಡಲೇ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು, ಸೆರಗು ಎಳೆದುಕೊಂಡಳು. ನಡುವೆ ಯಾರೂ ಇಲ್ಲದ್ದರಿಂದ ನೇರವಾಗಿಯೇ ಕೇಳಿದಳು.

"ಏನು ಬೇಕಿತ್ತು ಭಾವ? ನೀರಾ?"

 ಅವಳು ನಿಂತೇ ಇದ್ದಳು. ನಾನು ಹೇಳುವವರೆಗೂ ಕೂರುವುದಿಲ್ಲ ಎಂದು ಗೊತ್ತಿತ್ತು.

"ಹೂಂ, ನೀರು," ಎಂದೆ.

ತಂದುಕೊಟ್ಟಳು. ಕುಡಿದು ಒಳಗೆ ಹೋದೆ. ಅದಾಗಿಯೂ ಬಹಳ ಕಾಲವಾಯಿತು. ಇವತ್ತಿಗೂ ಅವಳು ಬೇಯಿಸಿದ್ದನ್ನು ಉಣ್ಣುತ್ತಿದ್ದೇನೆ. ಅವಳು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆಯೇ, ಓದದಿರಲಿ ಎಂದೇ, ನನಗೆ ಸ್ಪಷ್ಟವಿಲ್ಲ. ಬರೆದದ್ದು ಹೇಳಿದಂತೆ ಆಗುವುದಿಲ್ಲ ಎಂಬುದು ಮಾತ್ರ ಗೊತ್ತಿದೆ. ತಪ್ಪಾಯಿತು ಎಂದು ಹೇಳಬೇಕಾದವರಿಗೆಲ್ಲ ಹೇಳಿದ್ದೇನೆ, ಒಬ್ಬಳನ್ನು ಬಿಟ್ಟು: ಆ ಪುಟ ಮಾಡಿದವಳು, ನನ್ನ ತಮ್ಮನ ಹೆಂಡತಿ.